ಓಮೆರಿನಿಂದ ಆ್ಯಪ್‌ವರೆಗೆ: ನಮ್ಮ ರೊಟ್ಟಿಯನ್ನು ಅಳೆದವರ ಕಥೆ



ಈ ತಪಸ್ಸುಕಾಲದಲ್ಲಿ ನಮ್ಮ ಯುವಜನರ ವಾಟ್ಸಾಪ್ ಗುಂಪಿನಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ಉಪವಾಸದ ಬಗ್ಗೆ ಅಲ್ಲ, ಊಟದ ಲೆಕ್ಕ ಇಡುವ ಆ್ಯಪ್‌ಗಳ ಬಗ್ಗೆ. ಒಬ್ಬರಿಗೆ ತಂದೆಯವರ ಶುಗರ್ ಚಿಂತೆ, ಮತ್ತೊಬ್ಬರಿಗೆ ಪೊಲೀಸ್ ಭರತಿಯ ಓಟದ ಚಿಂತೆ, ಇನ್ನು ಕೆಲವರಿಗೆ ತೂಕ ಇಳಿಸುವ ಆಸೆ. ಯಾವುದನ್ನು ಹಾಕಿಕೊಳ್ಳಬೇಕು ಎಂಬುದೇ ಪ್ರಶ್ನೆ. ಉಮರ್ಗಾ, ನಿಲಂಗಾ, ಉದಗೀರದ ನಮ್ಮ ಮನೆಗಳಲ್ಲಿ ಮಾತು ಕನ್ನಡ, ಶಾಲೆ ಮರಾಠಿ, ಬಜಾರು ಹಿಂದಿ. ಆ್ಯಪ್ ತೆರೆದರೆ ಅಲ್ಲಿ ಇಂಗ್ಲಿಷ್. ಓಟ್ಸ್ ಹುಡುಕಿದರೆ ಹತ್ತು ಬಗೆ ಬರುತ್ತವೆ, ಪುಂಡಿಪಲ್ಯ ಹುಡುಕಿದರೆ ಏನೂ ಬರುವುದಿಲ್ಲ.

ಹಾಗಾಗಿ ಯಾವ ಆ್ಯಪ್ ಎಂಬ ಪ್ರಶ್ನೆಯನ್ನು ಸ್ವಲ್ಪ ಬದಿಗಿಟ್ಟು, ಆ ಆ್ಯಪ್‌ಗಳ ಒಳಗಿರುವ ಅಂಕಿಗಳು ಎಲ್ಲಿಂದ ಬಂದವು ಎಂದು ನೋಡೋಣ ಎನಿಸಿತು. ನೋಡುತ್ತಾ ಹೋದಂತೆ ಈ ಕಥೆ ನಮ್ಮ ಹೊಲದ ಜೋಳದವರೆಗೂ ಬಂದು ನಿಂತಿತು.

ಊಟ ಅಳೆಯುವುದು ಹೊಸ ವಿದ್ಯೆಯೇನಲ್ಲ. ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ ಮನ್ನಾ ಬಿದ್ದಾಗ ತಲೆಗೆ ಒಂದು ಓಮೆರ್ ಎಂಬ ಅಳತೆ ಇತ್ತು. ಹೆಚ್ಚು ಕೂಡಿಸಿದವರಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವರಿಗೆ ಕೊರತೆಯಾಗಲಿಲ್ಲ, ಮರುದಿನಕ್ಕೆ ಬಚ್ಚಿಟ್ಟದ್ದಕ್ಕೆ ಹುಳ ಬಿತ್ತು. ದಾನಿಯೇಲ ಮತ್ತು ಅವನ ಮೂವರು ಗೆಳೆಯರು ಅರಸನ ಊಟ ಬಿಟ್ಟು ಹತ್ತು ದಿನ ಕಾಯಿಪಲ್ಯ, ನೀರು ಮಾತ್ರ ತೆಗೆದುಕೊಂಡರು. ಹತ್ತು ದಿನ ಮುಗಿದ ಮೇಲೆ ಅವರ ಮುಖವನ್ನು ಅರಸನ ಊಟ ಉಂಡವರ ಮುಖದ ಜೊತೆ ಹೋಲಿಸಿ ನೋಡಲಾಯಿತು. ಇಂದಿನ ಆಹಾರ ಪರೀಕ್ಷೆಗಳ ಲಕ್ಷಣವೆಲ್ಲ ಅಲ್ಲಿದೆ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮದಲ್ಲಿ ಒಬ್ಬರಿಗೆ ದಿನಕ್ಕೆ ಒಂದು ಪೌಂಡು ರೊಟ್ಟಿ, ಬೇಯಿಸಿದ ಎರಡು ಪದಾರ್ಥ ಎಂದು ಗೊತ್ತುಮಾಡಿದರು. ಕೆಲಸ ಹೆಚ್ಚಾದ ದಿನ ಊಟ ಹೆಚ್ಚಿಸುವ ಅಧಿಕಾರವನ್ನು ಮಠಾಧಿಪತಿಗೆ ಬಿಟ್ಟರು. ಅಳತೆ ಇತ್ತು, ಆದರೆ ಕೊನೆಯ ಮಾತು ತಕ್ಕಡಿಯದಲ್ಲ, ದುಡಿದವನ ಮುಖ ನೋಡುವ ಮನುಷ್ಯನದು. ಇದು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಕ್ಯಾಲೊರಿ ಎಂಬ ಲೆಕ್ಕವನ್ನು ಊಟದ ತಟ್ಟೆಗೆ ತಂದವರು ಅಮೆರಿಕದ ವಿಲ್ಬರ್ ಆಟ್ವಾಟರ್. ಅವರು ಮೆಥೊಡಿಸ್ಟ್ ಬೋಧಕರೊಬ್ಬರ ಮಗ, ವೆಸ್ಲಿಯನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. (ನಮ್ಮ ಕಡೆಯ ಮೆಥೊಡಿಸ್ಟ್ ಸಭೆಯ ಗೆಳೆಯರು ಇದನ್ನು ಓದಿ ಹೆಮ್ಮೆಪಡಬಹುದು.) 1890ರ ದಶಕದಲ್ಲಿ ಅವರು ಮತ್ತು ಸಂಗಡಿಗರು ಮನುಷ್ಯ ಒಳಗಿದ್ದು ಉಣ್ಣುವ, ಮಲಗುವ, ಕೆಲಸ ಮಾಡುವ ಒಂದು ಮುಚ್ಚಿದ ಸಣ್ಣ ಕೋಣೆ ಕಟ್ಟಿದರು. ಒಳಗೆ ಹೋದ ಅನ್ನ, ಹೊರಗೆ ಬಂದ ಮಲಮೂತ್ರ, ಮೈಯಿಂದ ಹೊರಟ ಶಾಖ, ಉಸಿರು ಎಲ್ಲವನ್ನೂ ಅಳೆದರು. ಹಿಟ್ಟಿನ ಅಂಶದ ಒಂದು ಗ್ರಾಮಿಗೆ 4, ಪ್ರೋಟೀನಿಗೆ 4, ಕೊಬ್ಬಿಗೆ 9 ಕ್ಯಾಲೊರಿ ಎಂದು ಇಂದಿಗೂ ಬಿಸ್ಕೀಟು ಪೊಟ್ಟಣದ ಹಿಂದೆ ಲೆಕ್ಕ ಹಾಕುವುದು ಅವರ ಕೆಲಸದಿಂದಲೇ. ಅವರ ಕಾಳಜಿ ಬಡ ಕೂಲಿಕಾರನ ಬಗ್ಗೆ ಇತ್ತು. ಕಡಿಮೆ ಖರ್ಚಿನಲ್ಲಿ ಹೆಚ್ಚು ಬಲ ಕೊಡುವ ಊಟ ಯಾವುದು ಎಂದು ತಿಳಿಯಬೇಕಿತ್ತು.

1918ರಲ್ಲಿ ಕ್ಯಾಲಿಫೋರ್ನಿಯಾದ ವೈದ್ಯೆ ಲುಲು ಹಂಟ್ ಪೀಟರ್ಸ್ ಅದೇ ಲೆಕ್ಕವನ್ನು ತಿರುಗಿಸಿ ಹಿಡಿದರು. ಒಂದು ತುಂಡು ಬ್ರೆಡ್ ಎನ್ನಬೇಡಿ, ಇಷ್ಟು ಕ್ಯಾಲೊರಿ ಬ್ರೆಡ್ ಎನ್ನಿ ಎಂದು ಕಲಿಸಿದ ಅವರ ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ತೂಕ ಇಳಿಸಲು ಕ್ಯಾಲೊರಿ ಎಣಿಸುವ ಪದ್ಧತಿ ಜನಪ್ರಿಯವಾದದ್ದು ಅಲ್ಲಿಂದ. ಇಂದು ನಮ್ಮ ಫೋನಿನಲ್ಲಿರುವ ಹೆಚ್ಚಿನ ಆ್ಯಪ್‌ಗಳು ಆ ಪುಸ್ತಕದ ಮೊಮ್ಮಕ್ಕಳು. ಹೆಚ್ಚಾಗಿ ಉಣ್ಣುವವರು ಕಡಿಮೆ ಮಾಡಲೆಂದು ಹುಟ್ಟಿದ ಲೆಕ್ಕ ಅದು.

ಅದೇ 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ತನಿಖೆ ಶುರುಮಾಡಿದರು. ಅಲ್ಲಿಯ ಪ್ರಶ್ನೆ ಬೇರೆ: ಹೊಟ್ಟೆ ತುಂಬಿದ್ದರೂ ಈ ದೇಶದ ಜನ ಯಾಕೆ ಕಾಯಿಲೆ ಬೀಳುತ್ತಾರೆ? ಭಾರತದ ಬೇರೆ ಬೇರೆ ಪ್ರಾಂತಗಳ ಊಟವನ್ನು ಇಲಿಗಳಿಗೆ ತಿನ್ನಿಸಿ ಅವುಗಳ ಬೆಳವಣಿಗೆಯನ್ನು ಹೋಲಿಸಿ ನೋಡಿದವರು ಅವರು. ಅವರ ನಂತರ ಬಂದ ಆಯ್ಕ್ರಾಯ್ಡ್ ಅವರ ಕಾಲದಲ್ಲಿ, 1937ರಲ್ಲಿ, ನಮ್ಮ ಧಾನ್ಯ, ಬೇಳೆ, ಸೊಪ್ಪುಗಳಲ್ಲಿ ಏನೇನಿದೆ ಎಂಬ ಪಟ್ಟಿ ಒಂದು ಸಣ್ಣ ಸರ್ಕಾರಿ ಪುಸ್ತಿಕೆಯಾಗಿ ಹೊರಬಂತು. ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಬಂತು. ಇಂದು ಅದೇ ರಾಷ್ಟ್ರೀಯ ಪೋಷಣಾ ಸಂಸ್ಥೆ. 1971ರಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ಆ ಪಟ್ಟಿಯನ್ನು ದೊಡ್ಡದು ಮಾಡಿದರು. 2017ರಲ್ಲಿ ದೇಶದ ಆರು ವಲಯಗಳಿಂದ ಮಾದರಿ ತರಿಸಿ 528 ಆಹಾರಗಳನ್ನು ಹೊಸದಾಗಿ ಪರೀಕ್ಷಿಸಿದ ಪಟ್ಟಿ ಬಂತು. ನಮ್ಮ ದೇಶದ ಊಟದ ಅಂಕಿ ಬೇಕೆಂದರೆ ಇದೇ ಮೂಲ ಬಾವಿ.

ಪ್ರಯೋಗಾಲಯ ಹೈದರಾಬಾದಿಗೆ ಬಂದದ್ದು ನಮಗೆ ಸಂಬಂಧವಿಲ್ಲದ ಸಂಗತಿಯಲ್ಲ. ನಮ್ಮ ಹಿರಿಯರೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದವರು. ಉದಗೀರ, ನಿಲಂಗಾ 1956ರವರೆಗೆ ಬೀದರ್ ಜಿಲ್ಲೆಯ ತಾಲೂಕುಗಳು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅವು ಉಸ್ಮಾನಾಬಾದ್ ಜಿಲ್ಲೆಗೆ ಸೇರಿ ಮುಂಬೈ ರಾಜ್ಯಕ್ಕೆ ಹೋದವು. ಉಮರ್ಗಾ ಮೊದಲಿನಿಂದಲೂ ಉಸ್ಮಾನಾಬಾದಿನದೇ. 1982ರಲ್ಲಿ ಲಾತೂರ್ ಜಿಲ್ಲೆಯಾದಾಗ ನಿಲಂಗಾ, ಉದಗೀರ ಅತ್ತ ಹೋದವು. ಗಡಿ ಎಷ್ಟು ಸಲ ಸರಿದರೂ ತಟ್ಟೆಯಲ್ಲಿ ಇದ್ದದ್ದು ಒಂದೇ, ಜೋಳದ ರೊಟ್ಟಿ. ಮರಾಠಿಯಲ್ಲಿ ಭಾಕರಿ.

ದಖ್ಖನಿನ ಈ ಜೋಳದ ನಾಡಿನಲ್ಲಿ ಪೆಲಾಗ್ರಾ ಎಂಬ ರೋಗ ಇತ್ತು. ಬಿಸಿಲು ತಾಗುವ ಕಡೆ, ಅಂದರೆ ಕುತ್ತಿಗೆ, ಮುಂಗೈ, ಪಾದದ ಮೇಲೆ ಚರ್ಮ ಸುಟ್ಟಂತೆ ಕಪ್ಪಾಗುತ್ತದೆ. ಹೊಟ್ಟೆ ಕೆಡುತ್ತದೆ. ಮನಸ್ಸು ಕೆಡುತ್ತದೆ. ರೋಗ ಹೆಚ್ಚಾದವರನ್ನು ಹುಚ್ಚರೆಂದು ತಿಳಿದದ್ದೂ ಉಂಟು. ಯುರೋಪಿನಲ್ಲಿ 1735ರಲ್ಲೇ ಸ್ಪೇನಿನ ವೈದ್ಯ ಕಸಾಲ್ ಇದನ್ನು ಗುರುತಿಸಿದ್ದರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇದು ಅಂಟುರೋಗವೆಂದು ಜನ ನಂಬಿದ್ದಾಗ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ಸರ್ಕಾರಿ ವೈದ್ಯರು ಇದು ಅಂಟುವುದಿಲ್ಲ, ಬಡತನದ ಊಟದಿಂದ ಬರುತ್ತದೆ ಎಂದರು. ಅದನ್ನು ತೋರಿಸಲು ರೋಗಿಗಳ ಚರ್ಮದ ಹೊಟ್ಟು, ರಕ್ತ ಮುಂತಾದವನ್ನು ತಮ್ಮ ಮೈಗೇ ತೆಗೆದುಕೊಂಡರು, ಅವರ ಹೆಂಡತಿಯೂ ಜೊತೆ ನಿಂತರು. ಯಾರಿಗೂ ರೋಗ ಬರಲಿಲ್ಲ. 1937ರಲ್ಲಿ ನಯಾಸಿನ್ ಎಂಬ ವಿಟಮಿನ್ನಿನ ಕೊರತೆಯೇ ಕಾರಣ ಎಂದು ಗೊತ್ತಾಯಿತು.

ಅಲ್ಲೆಲ್ಲ ಇದು ಮೆಕ್ಕೆಜೋಳ ಉಣ್ಣುವವರ ರೋಗ. ಮೆಕ್ಕೆಜೋಳದ ನಯಾಸಿನ್ ಮೈಗೆ ಸುಲಭವಾಗಿ ಸಿಗುವುದಿಲ್ಲ. ಆದರೆ ನಮ್ಮ ಬಿಳಿಜೋಳದ ಕಥೆ ಹಾಗಲ್ಲ. ಹೈದರಾಬಾದಿನ ಹಳೆಯ ಪಟ್ಟಿ ನೋಡಿದರೆ 100 ಗ್ರಾಂ ಜೋಳದಲ್ಲಿ 3.1 ಮಿಲಿಗ್ರಾಂ ನಯಾಸಿನ್ ಇದೆ, ಮಿಲ್ಲಿನ ಬಿಳಿ ಅಕ್ಕಿಯಲ್ಲಿ 1.9 ಮಾತ್ರ. ಲೆಕ್ಕದ ಪ್ರಕಾರ ರೋಗ ಅನ್ನ ಉಣ್ಣುವವರಿಗೆ ಬರಬೇಕಿತ್ತು. ಬಂದದ್ದು ರೊಟ್ಟಿ ಉಣ್ಣುವವರಿಗೆ. 1960ರಲ್ಲಿ ಗೋಪಾಲನ್ ಮತ್ತು ಶ್ರೀಕಂಠಯ್ಯ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದಕ್ಕೊಂದು ಉತ್ತರ ಕೊಟ್ಟರು: ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚು, ಅದು ಮೈಯೊಳಗೆ ನಯಾಸಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಈ ಉತ್ತರದ ಬಗ್ಗೆ ವಿಜ್ಞಾನಿಗಳ ನಡುವೆ ಮುಂದೆ ಬಹಳ ವಾದವಾಯಿತು. ಆದರೆ ಪಟ್ಟಿಯಲ್ಲಿ ಅಂಕಿ ಸರಿಯಿದ್ದರೂ ಮೈ ಒಪ್ಪದಿರಬಹುದು ಎಂಬುದನ್ನು ನಮ್ಮ ಜೋಳವೂ ತೋರಿಸಿಕೊಟ್ಟಿತು.

ಇದನ್ನು ಓದಿ ಯಾರೂ ನಾಳೆಯಿಂದ ರೊಟ್ಟಿ ಬಿಡಬೇಡಿ! ರೋಗ ಬಂದದ್ದು ರೊಟ್ಟಿಯ ಜೊತೆಗೆ ಬೇರೇನೂ ಇಲ್ಲದ ಬಡವರಿಗೆ. ರೊಟ್ಟಿ, ಖಾರ, ನೀರು, ಅಷ್ಟೇ. ಬೇಳೆ ಇಲ್ಲ, ಹಾಲಿಲ್ಲ. ಅದೇ ಹಳೆಯ ಪಟ್ಟಿಯಲ್ಲಿ 100 ಗ್ರಾಂ ಶೇಂಗಾದಲ್ಲಿ ನಯಾಸಿನ್ ಸುಮಾರು 20 ಮಿಲಿಗ್ರಾಂ ಇದೆ, ಅಂದರೆ ಜೋಳದ ಆರು ಪಟ್ಟು. ನಮ್ಮ ಅವ್ವಂದಿರು, ಆಯಿಗಳು ರೊಟ್ಟಿಯ ಮೇಲೆ ಒಂದು ಚಮಚ ಶೇಂಗಾ ಹಿಂಡಿ ಇಟ್ಟು ಕೊಡುವಾಗ ಲ್ಯಾನ್ಸೆಟ್ ಓದಿರಲಿಲ್ಲ. ಊಟ ಬಗೆಬಗೆಯಾದಂತೆ, ರೇಷನ್ ಅಂಗಡಿಯಲ್ಲಿ ಗೋಧಿ, ಅಕ್ಕಿ ಸಿಗತೊಡಗಿದಂತೆ ಪೆಲಾಗ್ರಾ ರೋಗಿಗಳು ಕಡಿಮೆಯಾದರು.

ಎಣಿಸುವ ಮಾತೇ ಇಲ್ಲದ ವರ್ಷಗಳೂ ಬಂದವು. 1972ರ ಬರವನ್ನು ನಮ್ಮ ಅಜ್ಜ ಅಜ್ಜಿಯರು ಇನ್ನೂ ಮರೆತಿಲ್ಲ. ಆಗ ಈ ಮೂರೂ ತಾಲೂಕುಗಳು ಉಸ್ಮಾನಾಬಾದಿನಲ್ಲಿದ್ದವು, ಆ ಜಿಲ್ಲೆ ಅತಿ ಕಷ್ಟಪಟ್ಟ ಜಿಲ್ಲೆಗಳಲ್ಲಿ ಒಂದು. ಕಲ್ಲು ಒಡೆಯುವುದು, ಕೆರೆ ಕಟ್ಟುವುದು, ರಸ್ತೆ ಹಾಕುವುದು. 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಬರಗಾಲದ ಕಾಮಗಾರಿಗಳಲ್ಲಿ ಸುಮಾರು 50 ಲಕ್ಷ ಜನ ದುಡಿಯುತ್ತಿದ್ದರು. ರೇಷನ್ನಿನಲ್ಲಿ ಅಮೆರಿಕದ ಕೆಂಪು ಜೋಳ ಬಂತು, ಮಿಲೋ ಎಂದು ಅದರ ಹೆಸರು. ಮಾಲದಂಡಿ ಜೋಳ ಉಂಡ ಬಾಯಿಗೆ ಅದು ರುಚಿಸಲಿಲ್ಲ, ಆದರೂ ಉಂಡರು. ಕೆಲಸದ ಜಾಗದಲ್ಲಿ ಸುಕಡಿ ಎಂಬ ಪುಷ್ಟಿಯ ಪುಡಿ ಹಂಚುತ್ತಿದ್ದರು. ಮುಂದೆ ದೇಶಕ್ಕೇ ಮಾದರಿಯಾದ ಮಹಾರಾಷ್ಟ್ರದ ಉದ್ಯೋಗ ಖಾತ್ರಿ ಯೋಜನೆ ಬಲವಾಗಿ ಬೇರುಬಿಟ್ಟದ್ದು ಆ ಬರದಿಂದ. 'ಇವತ್ತು ಕ್ಯಾಲೊರಿ ಹೆಚ್ಚಾಯಿತು' ಎಂದು ಫೋನು ಕೆಂಪು ಬಣ್ಣ ತೋರಿಸುವಾಗ, ಅದೇ ಮನೆಯ ಮೂಲೆಯಲ್ಲಿ ಕೂತಿರುವ ಅಜ್ಜಿ ಮಿಲೋ ಉಂಡವಳು ಎಂಬುದು ನಮಗೆ ವಿಚಿತ್ರವೆನಿಸುತ್ತದೆ.

ಆ ಬರದ ಹೊತ್ತಿಗೆ ಬೀಡ್, ಉಸ್ಮಾನಾಬಾದ್ ಗಡಿಗೆ ಹತ್ತಿದ ಜಾಮ್‌ಖೇಡಿನಲ್ಲಿ ಇಬ್ಬರು ಕ್ರೈಸ್ತ ವೈದ್ಯರಿದ್ದರು, ಡಾ. ರಜನಿಕಾಂತ ಆರೋಳೆ ಮತ್ತು ಅವರ ಪತ್ನಿ ಡಾ. ಮೇಬಲ್. ಇಬ್ಬರೂ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿದವರು. 1970ರಲ್ಲಿ ಜಾಮ್‌ಖೇಡಿಗೆ ಬಂದರು. ಹಳ್ಳಿಯವರು ಕೇಳಿದ್ದು ಔಷಧಿಯನ್ನಲ್ಲ, ನೀರು ಮತ್ತು ಊಟವನ್ನು. ಹಾಗಾಗಿ ವೈದ್ಯರು ಕೊಳವೆಬಾವಿ ಕೊರೆಸುವುದರಿಂದ, ಮಕ್ಕಳಿಗೆ ಊರಿನವರೇ ಅಡಿಗೆ ಮಾಡಿ ಬಡಿಸುವುದರಿಂದ ಕೆಲಸ ಶುರುಮಾಡಿದರು. ಆಮೇಲೆ ಊರೂರಿನಿಂದ ಒಬ್ಬ ಹೆಣ್ಣುಮಗಳನ್ನು ಆರಿಸಿ ತರಬೇತಿ ಕೊಟ್ಟರು. ಅವರಲ್ಲಿ ಹೆಚ್ಚಿನವರಿಗೆ ಓದು ಬರಹ ಇರಲಿಲ್ಲ, ಎಷ್ಟೋ ಜನ ಊರ ಹೊರಗಿನ ಕೇರಿಯವರು. ಮಕ್ಕಳನ್ನು ತೂಕ ಮಾಡುವುದು, ಯಾವ ಮಗು ಸೊರಗುತ್ತಿದೆ ಎಂದು ಗುರುತಿಸುವುದು, ತಾಯಿಗೆ ಏನು ಉಣಿಸಬೇಕೆಂದು ಹೇಳುವುದು ಅವರ ಕೆಲಸವಾಯಿತು. 1979ರಲ್ಲಿ ಈ ದಂಪತಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಆದರೆ ನಮಗೆ ಇಷ್ಟವಾದದ್ದು ಪ್ರಶಸ್ತಿಗಿಂತ, ಯಾರ ನೆರಳೂ ತಮ್ಮ ಮೇಲೆ ಬೀಳಬಾರದೆನ್ನುತ್ತಿದ್ದ ಮನೆಗಳ ಒಳಗೆ ಆ ಹೆಣ್ಣುಮಕ್ಕಳು ತಕ್ಕಡಿ ಹಿಡಿದು ಹೋದದ್ದು.

ಮಗುವಿನ ತೂಕವನ್ನು ತಿಂಗಳು ತಿಂಗಳು ಗೆರೆಯಾಗಿ ಎಳೆಯುವ ಕಾರ್ಡನ್ನು ಜಗತ್ತಿಗೆ ಕೊಟ್ಟ ಡೇವಿಡ್ ಮಾರ್ಲಿ ಕೂಡ ಬೋಧಕರ ಮನೆಯಿಂದ ಬಂದ ವೈದ್ಯರೇ. 1950ರ ದಶಕದಲ್ಲಿ ನೈಜೀರಿಯಾದ ಮಿಷನ್ ಆಸ್ಪತ್ರೆಯಲ್ಲಿದ್ದಾಗ ಅದನ್ನು ರೂಪಿಸಿದರು. ಅವರು ಮಾಡಿದ ದೊಡ್ಡ ತೀರ್ಮಾನ ಒಂದು: ಕಾರ್ಡು ಆಸ್ಪತ್ರೆಯ ಕಪಾಟಿನಲ್ಲಿ ಇರಬಾರದು, ತಾಯಿಯ ಕೈಯಲ್ಲಿರಬೇಕು. ತಾಯಂದಿರು ಕಳೆದುಬಿಡುತ್ತಾರೆ ಎಂದು ಎಷ್ಟೋ ಜನ ಅನುಮಾನಪಟ್ಟರು. ತಾಯಂದಿರು ಜೋಪಾನವಾಗಿ ಇಟ್ಟುಕೊಂಡರು.

ನಮ್ಮ ದೇಶದಲ್ಲಿ 1975ರ ಅಕ್ಟೋಬರ್ 2ರಂದು 33 ಕಡೆ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದ ಅಂಗನವಾಡಿಗಳು ಬಂದವು. ತೂಕದ ಗೆರೆ ಎಳೆಯುವ ಕೆಲಸ ಅಲ್ಲಿಗೂ ಬಂತು. ವರ್ಷಗಟ್ಟಲೆ ದಪ್ಪ ರಿಜಿಸ್ಟರುಗಳಲ್ಲಿ ನಡೆದ ಆ ಲೆಕ್ಕ 2021ರ ಮಾರ್ಚಿನಲ್ಲಿ 'ಪೋಷಣ್ ಟ್ರ್ಯಾಕರ್' ಎಂಬ ಕೇಂದ್ರ ಸರ್ಕಾರದ ಆ್ಯಪ್‌ಗೆ ಹೋಯಿತು. ಅದೇ ವರ್ಷ ಆಗಸ್ಟಿನಲ್ಲಿ ಮಹಾರಾಷ್ಟ್ರದ ಅಂಗನವಾಡಿ ತಾಯಿಯರು ಸರ್ಕಾರ ಕೊಟ್ಟ ಫೋನುಗಳನ್ನು ಸಾಲುಸಾಲಾಗಿ ಮರಳಿ ಕೊಟ್ಟು ಪ್ರತಿಭಟಿಸಿದರು. ಫೋನು ಬಿಸಿಯಾಗುತ್ತದೆ, ನಿಂತುಹೋಗುತ್ತದೆ, ದುರಸ್ತಿಗೆ ನಮ್ಮ ಕೈಯಿಂದ ಖರ್ಚು, ಆ್ಯಪ್ ಇಂಗ್ಲಿಷಿನಲ್ಲಿದೆ, ನಮಗೆ ಮರಾಠಿ ಬೇಕು ಎಂಬುದು ಅವರ ಮಾತು. ವಿಷಯ ಮುಂಬೈ ಹೈಕೋರ್ಟಿನವರೆಗೂ ಹೋಯಿತು. ಈಗ ಆ ಆ್ಯಪ್ ಹಲವು ಭಾರತೀಯ ಭಾಷೆಗಳಲ್ಲಿದೆ. ಕೇಳಿದ್ದರಿಂದ ಬಂತು ಎನ್ನುವುದು ನಮ್ಮ ಅಭಿಪ್ರಾಯ. ಜಾಮ್‌ಖೇಡಿನ ಅಕ್ಷರ ಬಾರದ ಹೆಂಗಸರು ಮಾಡಿದ ಕೆಲಸವನ್ನು ಅಕ್ಷರ ಬಲ್ಲವರೂ ಮಾಡಲಾರದಂತೆ ಒಂದು ಉಪಕರಣ ಅಡ್ಡ ನಿಂತದ್ದು ಸಣ್ಣ ವಿಷಯವಲ್ಲ.

ಇನ್ನು ನಮ್ಮ ಫೋನಿನ ಆ್ಯಪ್‌ಗಳಿಗೆ ಬರೋಣ. ಮೈಫಿಟ್ನೆಸ್‌ಪಾಲ್ 2005ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಅದರ ಆಹಾರಪಟ್ಟಿಯ ಬಹುಪಾಲನ್ನು ಬಳಸುವವರೇ ತುಂಬಿದ್ದಾರೆ. ಆದ್ದರಿಂದ ಅದರಲ್ಲಿ ಎಲ್ಲವೂ ಸಿಗುತ್ತದೆ, ಆದರೆ ಒಂದೇ ಪದಾರ್ಥಕ್ಕೆ ಬೇರೆ ಬೇರೆ ಅಂಕಿ ಕಾಣುತ್ತವೆ. 2018ರಲ್ಲಿ ಅದರ ಸುಮಾರು 15 ಕೋಟಿ ಖಾತೆಗಳ ಹೆಸರು, ಇಮೇಲ್ ವಿವರ ಕಳ್ಳರ ಕೈಗೆ ಹೋಯಿತು. ಹೆಲ್ದಿಫೈಮಿ 2012ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು. ಇಡ್ಲಿ, ಪರೋಟ, ದಾಲ್ ಅದಕ್ಕೆ ಗೊತ್ತು. ಹೈದರಾಬಾದಿನ ಪೋಷಣಾ ಸಂಸ್ಥೆಯೇ 2019ರಲ್ಲಿ 'ನ್ಯೂಟ್ರಿಫೈ ಇಂಡಿಯಾ ನೌ' ಎಂಬ ಆ್ಯಪ್ ಹೊರತಂದಿತು. ಅಂಕಿಯ ಮೂಲ ಗಟ್ಟಿಯಾಗಿರಬೇಕು ಎನ್ನುವವರು ಮೊದಲು ಇದನ್ನು ನೋಡಿ ಎಂದೇ ನಮ್ಮ ಸಲಹೆ. ಚಂದ, ಚುರುಕು ಬೇಕೆನ್ನುವವರಿಗೆ ಖಾಸಗಿ ಆ್ಯಪ್‌ಗಳು ಹಿಡಿಸಬಹುದು.

ಆದರೆ ಯಾವುದನ್ನು ಹಾಕಿಕೊಂಡರೂ ಮೊದಲ ದಿನವೇ ಒಂದು ಪರೀಕ್ಷೆ ಮಾಡಿ. 'ಒಂದು ರೊಟ್ಟಿ' ಎಂದರೆ ಆ್ಯಪ್ ಎಷ್ಟು ಗ್ರಾಂ ಹಿಡಿಯುತ್ತದೆ ನೋಡಿ. 2017ರ ಪಟ್ಟಿಯಲ್ಲಿ 100 ಗ್ರಾಂ ಜೋಳಕ್ಕೆ 334 ಕ್ಯಾಲೊರಿ. 50 ಗ್ರಾಂ ಹಿಟ್ಟಿನ ರೊಟ್ಟಿ ಎಂದರೆ 167. ಹೊಲಕ್ಕೆ ಕಟ್ಟುವ 80 ಗ್ರಾಂ ಹಿಟ್ಟಿನ ದೊಡ್ಡ ರೊಟ್ಟಿ ಎಂದರೆ 267. ಊಟಕ್ಕೆ ಎರಡು ರೊಟ್ಟಿಯಂತೆ ದಿನಕ್ಕೆ ಎರಡು ಊಟ ಹಿಡಿದರೂ 400 ಕ್ಯಾಲೊರಿ ಫರಕು ಬಿತ್ತು. ಶುಗರ್ ಮಾತ್ರೆ ತೆಗೆದುಕೊಳ್ಳುವ ತಂದೆಯವರ ಲೆಕ್ಕದಲ್ಲಿ ಇದು ಸಣ್ಣ ಫರಕಲ್ಲ. ಆದ್ದರಿಂದ ನಮ್ಮದೇ ಅಡಿಗೆಯನ್ನು, ನಮ್ಮದೇ ಹಿಟ್ಟಿನ ತೂಕ ಹಾಕಿ ಬರೆದಿಡಲು ಬಿಡುವ ಆ್ಯಪ್ ಆರಿಸಿ. ಲೆಕ್ಕವನ್ನು ಹೊರಗೆ ತೆಗೆದು ಡಾಕ್ಟರಿಗೆ ತೋರಿಸಲು ಬರಬೇಕು, ಬೇಡವಾದಾಗ ಅಳಿಸಲು ಬರಬೇಕು. ಮಾರ್ಲಿಯವರ ಕಾರ್ಡು ತಾಯಿಯ ಕೈಯಲ್ಲಿ ಇದ್ದ ಹಾಗೆ. ಆ್ಯಪ್ ಹೇಳಿತೆಂದು ಮಾತ್ರೆ, ಇನ್ಸುಲಿನ್ ಹೆಚ್ಚು ಕಡಿಮೆ ಮಾಡುವುದು ಮಾತ್ರ ಬೇಡ, ಅದು ಡಾಕ್ಟರ ಕೆಲಸ.

ಒಂದು ಮಾತನ್ನು ನಮ್ಮ ತಂಗಿಯರಿಗೆ ಬಿಡಿಸಿ ಹೇಳಬೇಕು, ತಮ್ಮಂದಿರಿಗೂ. ಸಿಯೆನ್ನಾದ ಸಂತ ಕ್ಯಾಥರೀನ್ ಧರ್ಮಸಭೆಯ ದೊಡ್ಡ ಸಂತಳು, ಪೋಪರಿಗೇ ಬುದ್ಧಿ ಹೇಳಿದವಳು. ಆದರೆ ಊಟ ಬಿಡುತ್ತಾ ಬಿಡುತ್ತಾ ಕೊನೆಗೆ ಊಟ ಮೈಗೆ ಹತ್ತದಂತಾಗಿ 1380ರಲ್ಲಿ 33ನೇ ವಯಸ್ಸಿಗೆ ತೀರಿಹೋದಳು. ಸುತ್ತಲಿನ ಗುರುಗಳು ಉಣ್ಣು ಎಂದು ಹೇಳುತ್ತಲೇ ಇದ್ದರು. ತಪಸ್ಸುಕಾಲದ ಉಪವಾಸಕ್ಕೆ ಧರ್ಮಸಭೆ ವಯಸ್ಸು, ಕಾಯಿಲೆ, ಬಸಿರು ಎಲ್ಲವನ್ನೂ ನೋಡಿ ರಿಯಾಯಿತಿ ಕೊಟ್ಟಿದೆ. ಆ್ಯಪ್‌ನ ಪರದೆಗೆ ಆ ಕಣ್ಣಿಲ್ಲ. ಅಂಕಿ ಇಳಿದಷ್ಟೂ ಹಸಿರು ಬಣ್ಣ ತೋರಿಸಿ ಶಹಬ್ಬಾಸ್ ಎನ್ನುತ್ತದೆ. ಉಪವಾಸದ ಹೆಸರಿನಲ್ಲಿ ಯಾರಾದರೂ ದಿನದಿನವೂ ತಟ್ಟೆ ಸರಿಸುತ್ತಿದ್ದರೆ, ತಿಂಗಳ ಮುಟ್ಟು ನಿಂತಿದ್ದರೆ, ತಲೆ ತಿರುಗುತ್ತಿದ್ದರೆ ಆ್ಯಪ್ ತೆಗೆದುಹಾಕಿ. ಅವ್ವನಿಗೆ, ಸಿಸ್ಟರಿಗೆ ಇಲ್ಲವೆ ಫಾದರಿಗೆ ಹೇಳಿ, ಡಾಕ್ಟರ ಹತ್ತಿರ ಹೋಗಿ. ಬೆನೆಡಿಕ್ಟರ ಮಠದಲ್ಲಿ ಮುಖ ನೋಡುವವರೊಬ್ಬರು ಇದ್ದರು, ನಮ್ಮ ಮನೆಯಲ್ಲೂ ಒಬ್ಬರಿರಲಿ.

ಪುಂಡಿಪಲ್ಯ, ಝುಣಕ, ಸಜ್ಜಿರೊಟ್ಟಿ, ಶೇಂಗಾ ಹಿಂಡಿ, ಅಂಬಲಿ ಇವುಗಳ ಅಳತೆಯನ್ನು ನಾವೇ ಬರೆದಿಡಬೇಕಾಗಿದೆ. ಭಾನುವಾರ ಬಲಿಪೂಜೆಯ ನಂತರ ಧರ್ಮಕೇಂದ್ರದ ಸಭಾಂಗಣದಲ್ಲಿ ಒಂದು ತಕ್ಕಡಿ ಇಡುತ್ತೇವೆ. ನಿಮ್ಮ ಮನೆಯಲ್ಲಿ ಒಂದು ರೊಟ್ಟಿಗೆ ಹಿಡಿಯುವಷ್ಟು ಹಿಟ್ಟನ್ನು ಚೀಲದಲ್ಲಿ ಕಟ್ಟಿಕೊಂಡು ಬನ್ನಿ. ಹಿಟ್ಟು ಹಿಡಿಯುವ ಕೈ ಅವ್ವನದಾಗಲಿ, ಆಯಿಯದಾಗಲಿ. ನಿಮ್ಮ ಅಂದಾಜಿನ ಹಿಟ್ಟು ಬೇಡ.